ಬಿಯಾಂಕಾ ಯಾಕೆ ಕೊಲ್ಲಲಿಲ್ಲ?

ನಮಸ್ಕಾರ.

ನೀವು ಕಳಿಸಿದ ‘ಒಥೆಲೋ: ಅಸೂಯೆಗೆ ಬಲಿಯಾದ ವೀರ’ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಷೇಕ್ಸ್‌ಪಿಯರ್‌ನ ನಾಟಕವನ್ನು ಪೂರ್ತಿ ಓದಿಯೇ ಬರೆದಿದ್ದೀರಿ ಅನ್ನೋದೂ ಗೊತ್ತಾಗುತ್ತದೆ. ಆದರೆ ಎರಡು ವಾಕ್ಯ ಓದಿ ನನಗೆ ಸಿಟ್ಟು ಬಂತು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ಎರಡನೇ ಪುಟದಲ್ಲಿದೆ: ‘ಅಸೂಯೆ ಎಂಬ ವಿಷ ಒಥೆಲೋನ ಕಣ್ಣು ಕಟ್ಟಿತು, ಅವನ ಕೈಯಿಂದ ಡೆಸ್ಡಿಮೋನಾಳನ್ನು ಕೊಲ್ಲಿಸಿತು.’ ವೆನಿಸ್‌ನ ಸೇನಾಪತಿ ಒಥೆಲೋ ತನ್ನ ಹೆಂಡತಿಯನ್ನೇ ಕೊಲ್ಲುವ ಮಾತು ಇದು. ಇಲ್ಲಿ ಕೊಂದವರು ಯಾರು? ನಿಮ್ಮ ಪ್ರಕಾರ ಅಸೂಯೆ. ಒಥೆಲೋ ಬರೀ ಕೈ. ಹಾಗಾದರೆ ಬಿಯಾಂಕಾಳನ್ನು, ಒಥೆಲೋನ ಕೈಕೆಳಗಿನ ಅಧಿಕಾರಿ ಕ್ಯಾಸಿಯೋನ ಪ್ರೇಯಸಿಯನ್ನು, ಏನು ಮಾಡುತ್ತೀರಿ? ಲೇಖನದಲ್ಲಿ ಅವಳ ಹೆಸರೇ ಇಲ್ಲ. ನಾಲ್ಕನೇ ಅಂಕದ ಮೊದಲ ದೃಶ್ಯ ತೆಗೆದು ನೋಡಿ. ಒಥೆಲೋ ಹೆಂಡತಿಗೆ ಕೊಟ್ಟಿದ್ದ, ಅವಳು ಅದನ್ನು ಕ್ಯಾಸಿಯೋಗೆ ಕೊಟ್ಟಳು ಅಂತ ಅವನು ನಂಬಿರುವ ಅದೇ ಕರವಸ್ತ್ರ, ಸ್ಟ್ರಾಬೆರಿ ಕಸೂತಿಯದ್ದು, ಕ್ಯಾಸಿಯೋ ಮೂಲಕ ಬಿಯಾಂಕಾಳ ಕೈಗೆ ಬಂದಿದೆ. ಇದನ್ನು ಇವನಿಗೆ ಯಾವಳೋ ಕೊಟ್ಟಿದ್ದಾಳೆ ಅಂತ ಅವಳಿಗೂ ಅನುಮಾನ. ಹೊಟ್ಟೆ ಉರಿಯುತ್ತದೆ. ಕ್ಯಾಸಿಯೋನನ್ನು ಚೆನ್ನಾಗಿ ಬೈದು, ಕರವಸ್ತ್ರವನ್ನು ಅವನಿಗೇ ವಾಪಸ್ ಕೊಟ್ಟು, ರಾತ್ರಿ ಊಟಕ್ಕೆ ಬರೋದಾದರೆ ಬಾ ಅಂತ ಹೇಳಿ ಹೋಗುತ್ತಾಳೆ. ಅಷ್ಟೇ. ಇದನ್ನೆಲ್ಲ ಮರೆಯಲ್ಲಿ ನಿಂತು ನೋಡುತ್ತಿದ್ದ ಒಥೆಲೋ, ಮುಂದೆ ಬಂದವನೇ ಕೇಳುವ ಪ್ರಶ್ನೆ: ಇವನನ್ನು ಹೇಗೆ ಕೊಲ್ಲಲಿ? ಕರವಸ್ತ್ರ ಒಂದೇ, ಹೊಟ್ಟೆಕಿಚ್ಚೂ ಒಂದೇ. ಅವಳಿಗೆ ತೋಚದ ಕೊಲೆ ಇವನಿಗೆ ಯಾಕೆ ತೋಚಿತು? ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಒಥೆಲೋನ ಕೈಕೆಳಗಿನ ಸೈನಿಕ ಇಯಾಗೊ ಅವನಲ್ಲಿ ಅನುಮಾನ ಬಿತ್ತಿದ ಅಂತ ಬರೆದಿದ್ದೀರಿ. ಸರಿ. ಜೊತೆಗೆ ಅವನು ಪದೇ ಪದೇ ಗಂಡಸುತನ ಕೆಣಕುತ್ತಾನೆ, ಗಮನಿಸಿದಿರಾ? ಮೂರನೇ ಅಂಕದಲ್ಲಿ ‘ನೀವೊಬ್ಬ ಗಂಡಸೇ?’ ಅಂತ ಕೇಳುತ್ತಾನೆ. ನಾಲ್ಕರಲ್ಲಿ ಒಥೆಲೋ ಮೂರ್ಛೆಯಿಂದ ಎದ್ದ ಸ್ವಲ್ಪ ಹೊತ್ತಿಗೇ, ಗಂಡಸಿನ ಥರ ತಡೆದುಕೊಳ್ಳಿ ಅನ್ನುತ್ತಾನೆ. ಮೊದಲ ಅಂಕದಲ್ಲಿ, ಡೆಸ್ಡಿಮೋನಾ ಸಿಗಲಿಲ್ಲ ಅಂತ ನೀರಿಗೆ ಬಿದ್ದು ಸಾಯುತ್ತೇನೆ ಅನ್ನುವ ರೊಡೆರಿಗೊಗೂ ಇದೇ ಮಾತು. ತನ್ನ ಹೆಂಡತಿ ಎಮಿಲಿಯಾ ಒಥೆಲೋ ಜೊತೆ ಮಲಗಿದ್ದಳೇನೋ ಅನ್ನೋ ಅನುಮಾನ ಈ ಇಯಾಗೊನನ್ನೂ ಕೊರೆಯುತ್ತಿದೆ. ಯಾವ ಮಾತು ಗಂಡಸಿಗೆ ಎಲ್ಲಿ ನಾಟುತ್ತದೆ ಅಂತ ಅವನಿಗೆ ತನ್ನಿಂದಲೇ ಗೊತ್ತು.

ಇನ್ನು ಒಥೆಲೋನ ವಿದಾಯದ ಮಾತು. ಹೆಂಡತಿ ಕೈತಪ್ಪಿದಳು ಅನ್ನಿಸಿದಾಗ ಅವನು ಯಾವುದಕ್ಕೆಲ್ಲ ವಿದಾಯ ಹೇಳುತ್ತಾನೆ? ಮನಸ್ಸಿನ ನೆಮ್ಮದಿಗೆ, ಸೈನ್ಯಕ್ಕೆ, ಕೆನೆಯುವ ಕುದುರೆಗೆ, ಕಹಳೆಗೆ, ನಗಾರಿಗೆ, ಬಾವುಟಕ್ಕೆ, ಫಿರಂಗಿಗೆ. ತನ್ನ ಕಸುಬೇ ಮುಗಿಯಿತು ಅನ್ನುತ್ತಾನೆ. ಆ ಇಡೀ ಮಾತಿನಲ್ಲಿ ಡೆಸ್ಡಿಮೋನಾಳ ಹೆಸರಿಲ್ಲ! ಏಳನೇ ವಯಸ್ಸಿನಿಂದ ಯುದ್ಧಭೂಮಿಯಲ್ಲಿ ಬೆಳೆದವನು ಅವನು. ವೆನಿಸ್‌ಗೆ ಬೇಕಾಗಿದ್ದದ್ದು ಅವನ ಕತ್ತಿ. ಮಾವ ಬ್ರಬಾನ್ಶಿಯೋ ಅವನನ್ನು ಅಳಿಯ ಅಂತ ಕೊನೆಗೂ ಒಪ್ಪಲಿಲ್ಲ. ಹೀಗಿರುವಾಗ ಹೆಂಡತಿ ಮೋಸ ಮಾಡಿದರೆ ಅವನಿಗೆ ಅದು ಗಂಡಸಾಗಿ, ಯೋಧನಾಗಿ ಆದ ಸೋಲು. ಜನ ಬೆರಳು ತೋರಿಸಿ ನಗುತ್ತಾರೆ ಅನ್ನೋ ಭಯವನ್ನು ಅವನು ಬಾಯಿಬಿಟ್ಟೇ ಹೇಳುತ್ತಾನೆ. ನೀವು ಇದನ್ನೆಲ್ಲ ‘ವಿಷ’ ಅನ್ನೋ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲೆ ಒಬ್ಬ ಹಿರಿಯ ಸಂಪಾದಕರಿದ್ದರು. ನಾಟಕದ ಬಗ್ಗೆ ಯಾರೇ ಬರೆದು ಕಳಿಸಲಿ, ಅದರಲ್ಲಿ ಪಾತ್ರದ ಮಾತು ಬಂದ ಕಡೆಯಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡು ಪ್ರಶ್ನೆ ಬರೆಯುತ್ತಿದ್ದರು: ‘ಹೇಳಿದ್ದು ಯಾರು? ಎದುರಿಗೆ ಯಾರಿದ್ದರು?’ ಉತ್ತರ ಹುಡುಕುವ ಕೆಲಸ ನನ್ನದು. ಎಲ್ಲರೂ ಮನೆಗೆ ಹೋದ ಮೇಲೆ ನಾಟಕ ತೆರೆದಿಟ್ಟುಕೊಂಡು, ಆ ಕ್ಷಣಕ್ಕೆ ರಂಗದ ಮೇಲೆ ಯಾರ್ಯಾರಿದ್ದಾರೆ ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಾ ಕೂರುತ್ತಿದ್ದೆ. ನಾಟಕ ಓದೋದನ್ನು ನಾನು ಕಲಿತದ್ದೇ ಹಾಗೆ.

ನಿಮ್ಮ ಎರಡನೇ ವಾಕ್ಯಕ್ಕೂ ಅದೇ ಪ್ರಶ್ನೆ ಹಾಕಿದೆ: ‘ಅವನ ತಪ್ಪು ಒಂದೇ, ಅತಿಯಾಗಿ ಪ್ರೀತಿಸಿದ್ದು.’ ಹೇಳಿದ್ದು ಯಾರು? ಸ್ವತಃ ಒಥೆಲೋ. ಎದುರಿಗೆ ಯಾರಿದ್ದರು? ವೆನಿಸ್‌ಗೆ ವರದಿ ಒಯ್ಯಲಿರುವ ಲೊಡೊವಿಕೊ. ಅದೇ ಕೋಣೆಯ ಹಾಸಿಗೆಯಲ್ಲಿ ಉಸಿರುಕಟ್ಟಿ ಸತ್ತ ಹೆಂಡತಿ. ನನ್ನ ಬಗ್ಗೆ ಹೀಗೆ ಬರೆಯಿರಿ ಅಂತ ಕೊಂದವನೇ ಕೇಳಿಕೊಳ್ಳುತ್ತಾನೆ, ನೀವು ಹಾಗೇ ಬರೆದಿದ್ದೀರಿ. 1604ರಲ್ಲೇ ರಂಗದ ಮೇಲೆ ಬಂದ ನಾಟಕ ಇದು. ಅವನ ಆ ಕೋರಿಕೆಯನ್ನು ನಾವು ಇನ್ನೂ ಎಷ್ಟು ಕಾಲ ನಡೆಸಿಕೊಡಬೇಕು?

ಅದೇ ದೃಶ್ಯದ ಶುರುವನ್ನು ಓದಿ. ದೀಪ ಹಿಡಿದು ಬಂದಿದ್ದಾನೆ, ಅವಳು ನಿದ್ದೆಯಲ್ಲಿದ್ದಾಳೆ, ಕೇಳುವವರು ಯಾರೂ ಇಲ್ಲ. ಆಗ ಅವನು ಕೊಡುವ ಕಾರಣ ಬೇರೆ: ಇವಳು ಸಾಯಲೇಬೇಕು, ಇಲ್ಲದಿದ್ದರೆ ಇನ್ನಷ್ಟು ಗಂಡಸರಿಗೆ ಮೋಸ ಮಾಡುತ್ತಾಳೆ. ಮುತ್ತು ಕೊಡುತ್ತಾನೆ, ಅಳುತ್ತಾನೆ, ನಿಜ. ಪ್ರೀತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಅವನು ಲೋಕದ ಗಂಡಸರ ಪರವಾಗಿ ಶಿಕ್ಷೆ ಕೊಡಲು ಬಂದವನು. ಕ್ಯಾಸಿಯೋನನ್ನು ಮುಗಿಸುವ ಕೆಲಸ ಇಯಾಗೊಗೆ ಬಿಟ್ಟ. ಇದನ್ನು ಮಾತ್ರ ತನಗೇ ಇಟ್ಟುಕೊಂಡ.

ಉಳಿದದ್ದು ಹಾಗೇ ಇರಲಿ. ಎರಡನೇ ಪುಟ ಮತ್ತು ಮುಕ್ತಾಯ ಹೊಸದಾಗಿ ಬರೆಯಿರಿ. ಬಿಯಾಂಕಾ ಬರಲೇಬೇಕು. ಹೆಂಡತಿಯರು ದಾರಿ ತಪ್ಪಿದರೆ ಅದಕ್ಕೆ ಗಂಡಂದಿರೇ ಕಾರಣ ಅಂತ ಎಮಿಲಿಯಾ ಹೇಳುವ ಮಾತಿಗೂ ಒಂದು ಪ್ಯಾರಾ ಕೊಡಿ. ಬರೆದು ನನ್ನ ಹೆಸರಿಗೇ ಕಳಿಸಿ.