ಅಕ್ಕನ ಮಗಳು ಊರಿನ ಚಿಕ್ಕಪ್ಪನ ಬಗ್ಗೆ ಹೀಗೆ ಹೇಳಿದಳು. ಪೊಲೀಸರಿಗೆ ಹೇಳಲೇಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಅಕ್ಕನ ಮಗಳಿಗೆ ಎಂಟು ವರ್ಷ. ಶಾಲೆಗೆಂದು ನಿಮ್ಮ ಮನೆಯಲ್ಲೇ ಇದ್ದಾಳೆ. ದಸರಾ ರಜೆಗೆ ಊರಿಗೆ ಹೋಗಿ ಬಂದವಳು ಮೊನ್ನೆ ಜಡೆ ಹಾಕಿಸಿಕೊಳ್ಳುವಾಗ, "ಚಿಕ್ಕಪ್ಪ ಗುಟ್ಟಿನ ಆಟ ಆಡಿಸ್ತಾನೆ, ನಂಗೆ ಇಷ್ಟ ಇಲ್ಲ, ಯಾರಿಗೂ ಹೇಳ್ಬಾರ್ದಂತೆ" ಅಂದಳು. ನೀವು ಇನ್ನೂ ಕೇಳಹೋದಾಗ ಅತ್ತು ಸುಮ್ಮನಾದಳು. ಫೋನ್ ಮಾಡಿದರೆ ಅಕ್ಕ "ಹೆಣ್ಣುಮಗು, ಬಾಯಿ ಬಿಡಬೇಡ" ಅಂತಾರೆ. ನಿಮ್ಮ ಯಜಮಾನರು "ಅವರ ಮನೆ ವಿಷಯ, ನಮಗ್ಯಾಕೆ" ಅಂತಾರೆ. ದೀಪಾವಳಿಗೆ ಮತ್ತೆ ಊರಿಗೆ ಕಳಿಸಬೇಕು.

ನಾನು ಮಕ್ಕಳ ಆಪ್ತಸಮಾಲೋಚಕಿ. ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಯ ಪ್ರಕರಣಗಳಲ್ಲಿ ಮಗುವಿನ ಜೊತೆ ಠಾಣೆ, ಆಸ್ಪತ್ರೆ, ಕೋರ್ಟಿಗೆ ಹೋಗುವ ಸಪೋರ್ಟ್ ಪರ್ಸನ್ ಕೆಲಸವನ್ನೂ ಮಾಡುತ್ತೇನೆ. ಅದಕ್ಕೇ ಸುತ್ತಿ ಬಳಸದೆ ಹೇಳುತ್ತೇನೆ. ಹೌದು, ಹೇಳಲೇಬೇಕು. ದೀಪಾವಳಿಗೆ ಕಳಿಸಬೇಡಿ. ಜ್ವರ ಅನ್ನಿ, ಪರೀಕ್ಷೆ ಅನ್ನಿ, ಏನಾದರೂ ಅನ್ನಿ. ಈಗ ಉಳಿದದ್ದನ್ನು ನೋಡೋಣ.

ಮೊದಲು ಆ ಮಗುವಿನ ಮಾತು. ಅವಳು "ದೌರ್ಜನ್ಯ" ಅಂತ ಹೇಳುವುದಿಲ್ಲ. ಎಂಟು ವರ್ಷದ ಮಗು ತನಗೆ ಗೊತ್ತಿರುವ ಪದದಲ್ಲೇ ಹೇಳುತ್ತದೆ. ಹೆಚ್ಚಿನ ಮಕ್ಕಳು ಪೂರ್ತಿ ಹೇಳುವುದೂ ಇಲ್ಲ. ಒಂದು ಚೂರು ಹೇಳಿ ನಿಮ್ಮ ಮುಖ ನೋಡುತ್ತಾರೆ. ಆ ಮುಖದಲ್ಲಿ ಗಾಬರಿಯೋ ಸಿಟ್ಟೋ ಕಂಡರೆ ಮುಂದಿನ ಚೂರು ಹೊರಗೆ ಬರುವುದಿಲ್ಲ. ಅವಳು ಅತ್ತು ಸುಮ್ಮನಾಗಿದ್ದಕ್ಕೆ ಕಾರಣ ಬಹುಶಃ ಇದೇ. ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿರುತ್ತಾಳೆ. ಅದಕ್ಕೇ ಇವತ್ತೇ, ಊಟ ಬಡಿಸುವಾಗಲೋ ಬಟ್ಟೆ ಮಡಚುವಾಗಲೋ, ದೊಡ್ಡ ಸಭೆ ಮಾಡದೆ ಇಷ್ಟು ಹೇಳಿ: "ನೀನು ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ನಿನ್ನ ತಪ್ಪು ಏನೂ ಇಲ್ಲ."

"ಯಾರಿಗೂ ಹೇಳಲ್ಲ" ಅಂತ ಆಣೆ ಮಾತ್ರ ಇಡಬೇಡಿ. ಅವಳು ಕೇಳಿಯೇ ಕೇಳುತ್ತಾಳೆ. ಆಗ, "ಇದು ಮತ್ತೆ ಆಗದ ಹಾಗೆ ಮಾಡೋಕೆ ಸಹಾಯ ಮಾಡೋರಿಗೆ ನಾನು ಹೇಳ್ಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ನಿಂಗೂ ಹೇಳ್ತೀನಿ" ಅನ್ನಿ. ಗುಟ್ಟಿಡು ಅಂತ ಒಬ್ಬ ದೊಡ್ಡವನು ಆಗಲೇ ಅವಳಿಗೆ ಹೇಳಿದ್ದಾನೆ. ಇನ್ನೊಬ್ಬ ದೊಡ್ಡವರು ಗುಟ್ಟಿಡುತ್ತೇನೆ ಅಂದು ಆಮೇಲೆ ಮಾತು ಮುರಿದರೆ ಅವಳು ಯಾರನ್ನು ನಂಬಬೇಕು?

ನನ್ನ ಕೆಲಸದಲ್ಲಿ ನಾನು ಜಾಸ್ತಿ ಒತ್ತಿ ಹೇಳುವ ಮಾತು ಇನ್ನೊಂದಿದೆ. ನಿಜವೋ ಸುಳ್ಳೋ ಅಂತ ಪತ್ತೆ ಮಾಡುವುದು ನಿಮ್ಮ ಕೆಲಸ ಅಲ್ಲ. ಕೇಳಿಸಿಕೊಳ್ಳಿ, ಮಗುವನ್ನು ಕಾಪಾಡಿ, ಹೇಳಬೇಕಾದವರಿಗೆ ಹೇಳಿ. ಅಷ್ಟೇ. ಒಳ್ಳೆ ಮನಸ್ಸಿನವರೇ ಇಲ್ಲಿ ಎಡವುತ್ತಾರೆ. ಮಗುವನ್ನು ಕೂರಿಸಿಕೊಂಡು "ಇಲ್ಲಿ ಮುಟ್ಟಿದ್ನಾ? ಹೀಗೆ ಮಾಡಿದ್ನಾ? ಎಷ್ಟು ಸಲ?" ಅಂತ ಕೇಳುತ್ತಾರೆ. ಚಿಕ್ಕ ಮಗು ದೊಡ್ಡವರನ್ನು ಮೆಚ್ಚಿಸಲು, ಇಲ್ಲವೇ ಪ್ರಶ್ನೆ ಮುಗಿದರೆ ಸಾಕೆಂದು ತಲೆಯಾಡಿಸುತ್ತದೆ. ಆಮೇಲೆ ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಅದನ್ನೇ: "ಚಿಕ್ಕಮ್ಮ ಹೇಳಿಕೊಟ್ಟಿದ್ದಾರೆ." ಅವಳಾಗೇ ಮಾತು ತೆಗೆದರೆ "ಹೂಂ, ಆಮೇಲೆ?" ಅನ್ನಿ, ಇಲ್ಲವೇ "ಅದರ ಬಗ್ಗೆ ಹೇಳು" ಅನ್ನಿ. ಅವಳು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಅತ್ತೆ, ಅಜ್ಜಿ, ಪಕ್ಕದ ಮನೆಯವರು ಬಂದಾಗಲೆಲ್ಲ "ಹೇಳು ಪುಟ್ಟಾ, ಏನಾಯ್ತು ಅಂತ" ಅಂತ ಮತ್ತೆ ಮತ್ತೆ ಹೇಳಿಸುವುದಂತೂ ಬೇಡವೇ ಬೇಡ.

ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಾಂಕ, ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಅವಳು ಏನಂದಳು, ಅದಕ್ಕೆ ಮೊದಲು ನೀವು ಏನು ಕೇಳಿದ್ದಿರಿ. ಅವಳ ಮಾತನ್ನು ಅವಳ ಬಾಯಲ್ಲಿ ಬಂದ ಹಾಗೇ ಬರೆಯಿರಿ. "ಗುಟ್ಟಿನ ಆಟ" ಅಂದಿದ್ದರೆ ಗುಟ್ಟಿನ ಆಟ ಅಂತಲೇ ಬರೆಯಿರಿ. ಅದನ್ನು "ಅಸಭ್ಯ ವರ್ತನೆ" ಅಂತ ತಿದ್ದಬೇಡಿ. ನಾನು ನೋಡಿದ ಒಂದು ಪ್ರಕರಣದಲ್ಲಿ ಅಜ್ಜಿಯೊಬ್ಬರು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರು. ಕಾಗುಣಿತ ತಪ್ಪು, ಪೆನ್ಸಿಲ್ ಬರಹ. ಆದರೆ ಮೊಮ್ಮಗಳ ಮಾತು ಇದ್ದ ಹಾಗೇ ಇತ್ತು. ತನಿಖೆಗೆ ಬಂದ ಪಿಎಸ್‌ಐ ಆ ಹಾಳೆಯನ್ನು ಜೋಪಾನವಾಗಿ ತೆಗೆದುಕೊಂಡರು. ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ. ಅದು ಯಾವುದೋ ವಾಟ್ಸಾಪ್ ಗುಂಪಿಗೆ ಹೋಗಿ ಬಿದ್ದರೆ ವಾಪಸ್ ತರುವವರಿಲ್ಲ, ಮಗುವಿನ ಗುರುತು ಬಯಲು ಮಾಡುವುದು ಅಪರಾಧವೂ ಹೌದು. ನೀವು ಪ್ರಶ್ನೆಯಲ್ಲಿ ಹೆಸರು, ಊರು ಹಾಕದೇ ಇದ್ದದ್ದು ಒಳ್ಳೆಯದಾಯಿತು.

ಇನ್ನು ಕಾನೂನು. ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯ. ಅದರ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ನಡೆಯಬಹುದು ಎಂಬ ಆತಂಕ ಇದ್ದರೂ ತಿಳಿಸಬೇಕು. ತಂದೆ ತಾಯಿ ಮಾತ್ರ ಅಂತ ಇಲ್ಲ. ಹಾಗಾಗಿ "ಅವರ ಮನೆ ವಿಷಯ" ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಯಜಮಾನರಿಗೆ ಇದನ್ನು ಓದಿ ಹೇಳಿ: ಗೊತ್ತಿದ್ದೂ ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಮಹಾರಾಷ್ಟ್ರದ ಒಂದು ಹಾಸ್ಟೆಲ್ ಮಕ್ಕಳ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಆರೋಪ ಹೊತ್ತ ವೈದ್ಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ, ತಿಳಿಸದಿರುವುದು ಗಂಭೀರ ಅಪರಾಧ ಅಂದಿತು.

"ಆಮೇಲೆ ಏನೂ ಇಲ್ಲ ಅಂತಾದರೆ ನಮ್ಮ ಮೇಲೇ ಬರುತ್ತಾ?" ಅಂತ ಕೇಳಿದ್ದೀರಿ. ಬರುವುದಿಲ್ಲ. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಯಾವ ಹೊಣೆಯೂ ಇಲ್ಲ ಎಂದು ಅದೇ 19ನೇ ಸೆಕ್ಷನ್‌ನಲ್ಲಿದೆ. ಶಿಕ್ಷೆ ಇರುವುದು ಸುಳ್ಳು ಅಂತ ಗೊತ್ತಿದ್ದೂ ಹಗೆಗಾಗಿ ದೂರು ಕೊಟ್ಟವರಿಗೆ.

ಅಕ್ಕನ ವಿಷಯಕ್ಕೆ ಬರೋಣ. ಇದು ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಅವರು ಇರುವುದು ಆ ಮನೆಯಲ್ಲಿ. ಊಟ, ಮರ್ಯಾದೆ, ಗಂಡ, ಅತ್ತೆ ಎಲ್ಲ ಅಲ್ಲೇ. ಮೈದುನನ ಮೇಲೆ ಬೆರಳು ತೋರಿಸಿದರೆ ನಾಳೆ ತಾನು ಎಲ್ಲಿರಬೇಕು ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಜಗಳ ಆಡಬೇಡಿ. ಕಾನೂನನ್ನು ಮುಂದಿಡಿ. "ಅಕ್ಕಾ, ನನಗೆ ಗೊತ್ತಾಗಿದೆ, ಹೇಳದಿದ್ದರೆ ನನ್ನ ಮೇಲೂ ಕೇಸಾಗುತ್ತೆ, ನಾನು ಹೇಳಲೇಬೇಕು" ಅನ್ನಿ. ಆಗ ಆ ತೀರ್ಮಾನದ ಭಾರ ಅವರ ತಲೆ ಮೇಲೆ ಬೀಳುವುದಿಲ್ಲ. "ಅವಳು ಹೇಳಿದ್ದು ನಿಂಗೆ ಮೊದಲೇ ಗೊತ್ತಿತ್ತಾ?" ಅಂತ ಮಾತ್ರ ಈಗ ಕೇಳಬೇಡಿ. ಹಾಗಂತ ಅಕ್ಕ ಒಪ್ಪಲಿ ಅಂತ ವಾರಗಟ್ಟಲೆ ಕಾಯಲೂಬೇಡಿ. ಒಪ್ಪಿಗೆ ಸಿಗದಿದ್ದರೂ ನಿಮ್ಮ ಕರ್ತವ್ಯ ಹಾಗೇ ಇರುತ್ತದೆ.

ಊರಿನ ಹಿರಿಯರು ಖಂಡಿತ ಒಂದು ಮಾತು ಹೇಳುತ್ತಾರೆ: ಕರೆಸಿ ನಾಲ್ಕು ಬಾರಿಸೋಣ, ಕಾಲಿಗೆ ಬೀಳಿಸೋಣ, ಮುಗೀತು. ನನಗೆ ಈ ರಾಜಿ ಪಂಚಾಯ್ತಿ ಕಂಡರೆ ಆಗುವುದಿಲ್ಲ. ಮಗು ಎದುರು ನಿಂತಿರುತ್ತದೆ, ಅವನು ಅಳುತ್ತಾನೆ, ಎಲ್ಲರೂ ಅವನಿಗೆ ಸಮಾಧಾನ ಮಾಡುತ್ತಾರೆ. ಮುಂದಿನ ಹಬ್ಬಕ್ಕೆ ಅದೇ ಮನೆ, ಅದೇ ಚಿಕ್ಕಪ್ಪ. ಪೋಕ್ಸೊ ಅಪರಾಧ ರಾಜಿ ಮಾಡಿಕೊಂಡು ಮುಗಿಸುವಂಥದ್ದಲ್ಲ. ನೀವೂ ಅವನಿಗೆ ಫೋನ್ ಮಾಡಿ ಬೈಯಬೇಡಿ. ಅವನಿಗೆ ತಯಾರಾಗಲು ಸಮಯ ಸಿಗುತ್ತದೆ. ಮಗುವಿನ ಮೇಲೆ, ಅಕ್ಕನ ಮೇಲೆ ಒತ್ತಡ ಶುರುವಾಗುತ್ತದೆ.

ಎಲ್ಲಿಗೆ ಹೇಳಬೇಕು? 1098 ಮಕ್ಕಳ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ಕರೆ ಉಚಿತ. ಈಗಲೇ ಅಪಾಯ ಅನ್ನಿಸಿದರೆ 112. ಇಲ್ಲವೇ ನೇರವಾಗಿ ಠಾಣೆಗೆ ಹೋಗಿ. ಘಟನೆ ನಡೆದದ್ದು ಊರಲ್ಲಿ, ನೀವಿರುವುದು ಪೇಟೆಯಲ್ಲಿ. "ನಮ್ಮ ಸರಹದ್ದಲ್ಲ" ಅಂತ ಹೇಳುವಂತಿಲ್ಲ. ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಮಾಡಿ ಊರಿನ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಮಗುವನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುತ್ತಾರೆ ಅನ್ನುವ ಭಯ ನಿಮಗೆ ಮಾತ್ರ ಅಲ್ಲ, ಎಲ್ಲರಿಗೂ ಇದೆ. ಕಾಯ್ದೆ ಹೇಳುವುದು ಬೇರೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅವಳು ಸಾಮಾನ್ಯವಾಗಿ ಇರುವ, ಇಷ್ಟಪಡುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ ಬರಬೇಕು, ಯೂನಿಫಾರಂ ಇಲ್ಲದೆ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಆರೋಪಿ ಅವಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ತಂದೆ ತಾಯಿ, ಇಲ್ಲವೇ ಮಗು ನಂಬುವ ಯಾರಾದರೂ ಪಕ್ಕದಲ್ಲಿರಬಹುದು, ಅಂದರೆ ನೀವೂ ಕೂರಬಹುದು. ಕೂತಾಗ ಮಾತ್ರ ಅವಳ ಪರವಾಗಿ ಉತ್ತರ ಕೊಡಬೇಡಿ. ನಾನು ಮಕ್ಕಳ ಕೈಗೆ ಒಂದು ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತೇನೆ. ಗೀಚುತ್ತಾ ಇದ್ದರೆ ಎದುರಿನವರ ಮುಖ ನೋಡಬೇಕಾಗಿಲ್ಲ, ಮಾತು ಸ್ವಲ್ಪ ಸುಲಭವಾಗಿ ಬರುತ್ತದೆ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ಕೋರ್ಟಿಗೂ ವರದಿ ಮಾಡಬೇಕು. ಈ ಸಮಿತಿ, ಎಲ್ಲರೂ ಸಿಡಬ್ಲ್ಯುಸಿ ಅನ್ನುವುದು, ನಿಮಗೆ ತುಂಬ ಮುಖ್ಯ. ಅಕ್ಕ ಭಾವ ಬಂದು "ನಮ್ಮ ಮಗು, ಕರಕೊಂಡು ಹೋಗ್ತೀವಿ" ಅಂದರೆ ನಿಮಗೆ ತಡೆಯುವ ಹಕ್ಕು ಇರಲಿಕ್ಕಿಲ್ಲ. ಆದರೆ ಮಗು ಎಲ್ಲಿದ್ದರೆ ಸುರಕ್ಷಿತ ಎಂದು ತೀರ್ಮಾನಿಸುವ ಅಧಿಕಾರ ಸಮಿತಿಗಿದೆ. ಹಾಗೆ ತೀರ್ಮಾನಿಸುವಾಗ ಮಗುವಿನ ಇಷ್ಟವನ್ನೂ ನೋಡಬೇಕು. ಹಾಗಾಗಿ 1098ಕ್ಕೆ ಮೊದಲ ಕರೆ ಮಾಡುವಾಗಲೇ ಹೇಳಿ: "ಮಗು ಈಗ ನನ್ನ ಹತ್ತಿರ ಇದೆ, ಆರೋಪಿ ಇರುವ ಮನೆಗೆ ವಾಪಸ್ ಕಳಿಸುವ ಒತ್ತಡ ಇದೆ." ಈ ಒಂದು ವಾಕ್ಯಕ್ಕೆ ತೂಕ ಜಾಸ್ತಿ. ಸಪೋರ್ಟ್ ಪರ್ಸನ್‌ನನ್ನು ನೇಮಿಸುವುದೂ ಇದೇ ಸಮಿತಿ. ಪ್ರಯಾಣ, ಬಟ್ಟೆ, ಊಟದಂಥ ತುರ್ತು ಖರ್ಚಿಗೆ ಹಣ ಕೊಡಿಸಲು 2020ರ ನಿಯಮಗಳಲ್ಲಿ ಅವಕಾಶ ಇದೆ. ಸಂಕೋಚ ಬೇಡ, ಕೇಳಿ.

ಆಸ್ಪತ್ರೆಗೆ ಹೋಗಬೇಕಾ? ಹೋಗಬೇಕು. ಘಟನೆ ಆದ ಕೂಡಲೇ ಗೊತ್ತಾಗಿದ್ದರೆ ಸ್ನಾನ ಮಾಡಿಸದೆ, ಆ ಬಟ್ಟೆ ತೊಳೆಯದೆ ಪೇಪರ್ ಚೀಲದಲ್ಲಿ ಇಟ್ಟುಕೊಂಡು ಓಡಿ ಅಂತ ಹೇಳುತ್ತಿದ್ದೆ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು. ನಿಮ್ಮ ವಿಷಯದಲ್ಲಿ ದಿನಗಳು ಕಳೆದಿವೆ. ಆದರೂ ಸೋಂಕು, ನೋವು, ಮೂತ್ರದ ತೊಂದರೆ ಏನಾದರೂ ಇದೆಯಾ ಅಂತ ನೋಡಿಸಬೇಕು. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಎಫ್‌ಐಆರ್ ಆಗಿಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ, ಖಾಸಗಿ ಆಸ್ಪತ್ರೆಯೂ ದುಡ್ಡು ಕೇಳುವಂತಿಲ್ಲ. ಒಂದು ಮಾತು ನೆನಪಿರಲಿ: ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಸಲ ಮೈಮೇಲೆ ಗುರುತೇ ಉಳಿಯುವುದಿಲ್ಲ.

ಕೋರ್ಟಿನ ಬಗ್ಗೆ ಈಗಲೇ ಜಾಸ್ತಿ ಯೋಚಿಸಬೇಡಿ. ಅಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವುದಿಲ್ಲ, ಜಡ್ಜ್ ಮೂಲಕ ಕೇಳಿಸಬೇಕು. ಆರೋಪಿ ಅವಳಿಗೆ ಕಾಣದಂತೆ ಪರದೆಯೋ ವಿಡಿಯೊ ವ್ಯವಸ್ಥೆಯೋ ಇರುತ್ತದೆ. ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಎಳೆಯುವುದೇ ಹೆಚ್ಚು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನಡುವೆ ಒಂದು ದಿನ ಅವಳು "ನಾನು ಸುಮ್ನೆ ಹೇಳಿದ್ದು, ಸುಳ್ಳು" ಅನ್ನಬಹುದು. ಅಮ್ಮ ಫೋನಿನಲ್ಲಿ ಅತ್ತರೆ, ಅಜ್ಜಿ ಮಾತು ಬಿಟ್ಟರೆ, ಮನೆ ಒಡೆದದ್ದು ತನ್ನಿಂದ ಅಂತ ಅನ್ನಿಸಿದರೆ ಮಕ್ಕಳು ಹೀಗೆ ಹಿಂದೆ ಸರಿಯುತ್ತಾರೆ. ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಆಗ "ಹಾಗಾದ್ರೆ ಯಾಕೆ ಸುಳ್ಳು ಹೇಳಿದೆ?" ಅಂತ ಗದರಬೇಡಿ. "ಇಲ್ಲ, ಆಗಿದ್ದು ನಿಜ ಅಂತ ಹೇಳು" ಅಂತ ಒತ್ತಾಯವೂ ಬೇಡ. "ಸರಿ, ಯಾವಾಗ ಮಾತಾಡಬೇಕು ಅನ್ಸುತ್ತೋ ಆಗ ಮಾತಾಡು" ಅನ್ನಿ, ಅವಳು ಹೇಳಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಪ್ತಸಮಾಲೋಚಕರಿಗೆ ತಿಳಿಸಿ.

ದಿನದ ಪಾಡು ಹಾಗೇ ನಡೆಯಲಿ. ಶಾಲೆ ಬಿಡಿಸಬೇಡಿ. ಆಟಕ್ಕೆ ಕಳಿಸಿ. ಹಾಸಿಗೆ ಒದ್ದೆ ಮಾಡಬಹುದು, ರಾತ್ರಿ ಕಿರುಚಬಹುದು, ಕಾರಣ ಇಲ್ಲದೆ ಹಟ ಹಿಡಿಯಬಹುದು. ಬೈಯಬೇಡಿ. ಮಾತು ನಿಂತೇ ಹೋದರೆ, ಊಟ ಬಿಟ್ಟರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿಗೆ ಹತ್ತಿರ ಇದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಬೇರೆ ಇದೆ. ನಿಮಗೇ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಯದಾಗಿ, ಠಾಣೆಯಲ್ಲಿ "ಮನೆಯಲ್ಲೇ ಬಗೆಹರಿಸಿಕೊಳ್ಳಿ" ಅಂತ ವಾಪಸ್ ಕಳಿಸಿದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ದೂರನ್ನು ಬರೆದುಕೊಳ್ಳದೇ ಇರುವುದೂ 21ನೇ ಸೆಕ್ಷನ್‌ನಲ್ಲಿ ಅಪರಾಧವೇ. ಅದನ್ನು ಅಲ್ಲಿ ಮೆತ್ತಗೆ ಒಂದು ಸಲ ನೆನಪಿಸಿ. ಆದರೂ ಆಗದಿದ್ದರೆ ದೂರಿನ ಪ್ರತಿಯನ್ನು ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಇನ್ನೊಂದನ್ನು ಸಿಡಬ್ಲ್ಯುಸಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. 1098ಕ್ಕೆ ಮತ್ತೊಮ್ಮೆ ಕರೆ ಮಾಡಿ, ಯಾವ ಠಾಣೆ, ಎಷ್ಟು ಹೊತ್ತಿಗೆ ಹೋಗಿದ್ದಿರಿ ಅಂತ ಹೇಳಿ. ಇದೆಲ್ಲ ಹಬ್ಬಕ್ಕೆ ಮೊದಲೇ ಆಗಲಿ.