ಬೀಜಿಂಗ್‌ನ ಕ್ಷಿಪ್ರಕ್ರಾಂತಿ ನಮ್ಮ ಪುಟಕ್ಕೇಕೆ ಬರಲಿಲ್ಲ

ಮಾನ್ಯರೇ,

ನಿಮ್ಮ ದೀರ್ಘ ಪತ್ರ ಕೈಸೇರಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇನೆ. 2022ರಲ್ಲಿ ಚೀನಾದಲ್ಲಿ ಕ್ಷಿಪ್ರಕ್ರಾಂತಿಯಾಗಿ ಅಧ್ಯಕ್ಷ ಷಿ ಜಿನ್‌ಪಿಂಗ್ ಗೃಹಬಂಧನದಲ್ಲಿದ್ದಾರೆಂದು ಊರೆಲ್ಲ ಮಾತಾಡುತ್ತಿದ್ದಾಗ ನಾವು ಬಾಯಿ ಬಿಡಲಿಲ್ಲ. 2023ರಲ್ಲಿ ಅಲ್ಲಿನ ವಿದೇಶಾಂಗ ಸಚಿವ ಚಿನ್ ಗಾಂಗ್ ಕಾಣೆಯಾದಾಗ ಮೊಬೈಲುಗಳಲ್ಲಿ ಹರಿದಾಡಿದ ಮಾತು ಕೊನೆಗೆ ನಿಜವೇ ಆಯಿತು, ಆಗಲೂ ನಾವು ಸುಮ್ಮನಿದ್ದೆವು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಸೇನಾ ಮುಖ್ಯಸ್ಥ ಅಸೀಂ ಮುನೀರ್ ಬಂಧನದ ಸುದ್ದಿ ಟಿ.ವಿ.ಯಲ್ಲೇ ಬಂದರೂ ನಮ್ಮ ಸಂಚಿಕೆಯಲ್ಲಿ ಅದರ ಸುಳಿವಿರಲಿಲ್ಲ. ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನಿಮ್ಮದು ಹೆದರಿಕೆಯೋ, ಸೋಮಾರಿತನವೋ?’ ಎಂದು ಕೇಳಿದ್ದೀರಿ. ಜನಾಭಿಪ್ರಾಯಕ್ಕೆ ಸರ್ಕಾರಗಳು ಮಣಿಯಲೇಬೇಕು, ಅದನ್ನು ಹುರಿಗೊಳಿಸುವುದು ಪತ್ರಿಕೆಯ ಕೆಲಸ ಎಂದೂ ಬರೆದಿದ್ದೀರಿ.

ಸೋಮಾರಿತನದ ಆರೋಪವನ್ನು ನಮ್ಮ ಉಪಸಂಪಾದಕರಿಗೆ ದಾಟಿಸಿದ್ದೇನೆ. ಉಳಿದದ್ದಕ್ಕೆ ನಾನೇ ಉತ್ತರಿಸಬೇಕು.

ಮೊದಲು ಷಿ ಅವರ ಸಂಗತಿ. 2022ರ ಸೆಪ್ಟೆಂಬರ್ 15 ಮತ್ತು 16ರಂದು ಉಜ್ಬೇಕಿಸ್ತಾನದ ಸಮರ್ಕಂಡ್‌ನಲ್ಲಿ ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆ ನಡೆಯಿತು. ಅಲ್ಲಿಂದ ಬೀಜಿಂಗ್‌ಗೆ ಮರಳಿದ ಷಿ ಹತ್ತು ದಿನ ಸಾರ್ವಜನಿಕವಾಗಿ ಕಾಣಿಸಿಕೊಳ್ಳಲಿಲ್ಲ. ಅಷ್ಟು ಸಾಕಾಯಿತು. ಬೀಜಿಂಗ್ ಕಡೆಗೆ 80 ಕಿಲೋಮೀಟರ್ ಉದ್ದದ ಸೇನಾ ವಾಹನಗಳ ಸಾಲು ಹೊರಟಿದೆ ಎಂದು ಯಾವುದೋ ರಸ್ತೆಯ ಕಿರು ವಿಡಿಯೊ ಓಡಾಡಿತು. ವಿಮಾನಗಳು ರದ್ದಾಗಿವೆ ಎಂದರು, ಯಾವ ಸೇನಾಧಿಕಾರಿ ಗದ್ದುಗೆ ಏರುತ್ತಾನೆಂದು ಹೆಸರನ್ನೂ ಹೇಳಿದರು. ಸುಬ್ರಮಣಿಯನ್ ಸ್ವಾಮಿಯವರ ಟ್ವೀಟಿನ ಪ್ರತಿಯನ್ನು ನೀವು ಪತ್ರಕ್ಕೆ ಲಗತ್ತಿಸಿದ್ದೀರಿ. ಅವರು ಅದನ್ನು ಪರಿಶೀಲಿಸಬೇಕಾದ ಹೊಸ ವದಂತಿ ಎಂದೇ ಬರೆದಿದ್ದರು. ನಿಮಗೆ ಯಾರೋ ರವಾನಿಸಿದ ಪ್ರತಿಯಲ್ಲಿ ಆ ಮಾತೇ ಇಲ್ಲ, ಗಮನಿಸಿದಿರಾ?

ಸೆಪ್ಟೆಂಬರ್ 27ರಂದು ಷಿ ಬೀಜಿಂಗ್‌ನ ಒಂದು ವಸ್ತುಪ್ರದರ್ಶನಕ್ಕೆ ಬಂದರು. ಅಕ್ಟೋಬರ್‌ನಲ್ಲಿ ಚೀನಾ ಕಮ್ಯುನಿಸ್ಟ್ ಪಕ್ಷದ 20ನೇ ಮಹಾಧಿವೇಶನ ನಡೆದು ಮೂರನೇ ಬಾರಿಗೆ ಪ್ರಧಾನ ಕಾರ್ಯದರ್ಶಿಯಾದರು. ಹೊರದೇಶದಿಂದ ಬಂದವರನ್ನು ಚೀನಾ ಆಗಿನ್ನೂ ಕೋವಿಡ್ ಕ್ವಾರಂಟೈನ್‌ನಲ್ಲಿ ಇರಿಸುತ್ತಿತ್ತು ಎಂಬ ಸಪ್ಪೆ ಸಂಗತಿಯೂ ಎಲ್ಲರ ಕಣ್ಣೆದುರೇ ಇತ್ತು. ಆದರೂ ಈ ಕಥೆ ನಮ್ಮಲ್ಲಿ ಇಷ್ಟು ಜೋರಾಗಿ ಓಡಿದ್ದೇಕೆ? ಎರಡು ವರ್ಷ ಹಿಂದೆ ಗಾಲ್ವಾನ್‌ನಲ್ಲಿ ಚೀನಾ ಸೇನೆಯೊಡನೆ ನಡೆದ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟಿದ್ದರು. ಆ ನೋವು ಆರಿರಲಿಲ್ಲ. ಷಿ ಬಿದ್ದುಹೋಗಲಿ ಎಂದು ನಮಗೆ ಆಸೆಯಿತ್ತು. ಬೀಜಿಂಗ್‌ನಲ್ಲಿ ಏನಾಗುತ್ತಿದೆ ಎಂಬುದಕ್ಕಿಂತ ನಾವೇನು ಬಯಸುತ್ತಿದ್ದೆವು ಎಂಬುದೇ ಆ ವಿಡಿಯೊದಿಂದ ಹೆಚ್ಚು ತಿಳಿಯುತ್ತಿತ್ತು.

ಹೊಗೆ–ಬೆಂಕಿಯ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬಾಗಿಲು ಮುಚ್ಚಿಕೊಂಡ ಆಡಳಿತಗಳ ಮೌನದ ಹಿಂದೆ ಕೆಲವೊಮ್ಮೆ ನಿಜಕ್ಕೂ ಏನೋ ಇರುತ್ತದೆ. ಸೋವಿಯತ್ ನಾಯಕ ಯೂರಿ ಆಂದ್ರೊಪೊವ್ 1983ರ ಆಗಸ್ಟ್ ನಂತರ ಜನರ ಮುಂದೆ ಬರಲೇ ಇಲ್ಲ. ನವೆಂಬರ್ 7ರ ಕ್ರಾಂತಿ ದಿನದ ಪೆರೇಡಿಗೂ ಗೈರು. ನೆಗಡಿಯಾಗಿದೆ ಎಂದರು ಅಧಿಕಾರಿಗಳು. ವಾಸ್ತವದಲ್ಲಿ ಮೂತ್ರಪಿಂಡ ಕೈಕೊಟ್ಟು ಅವರು ಆಸ್ಪತ್ರೆಯಲ್ಲಿದ್ದರು, ಮರುವರ್ಷದ ಫೆಬ್ರುವರಿ 9ರಂದು ತೀರಿಕೊಂಡರು. ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿ ಎರಡು ಮಹಾಶಕ್ತಿಗಳು ಮುಖಾಮುಖಿಯಾಗಿದ್ದದ್ದೂ ಆ ತಿಂಗಳುಗಳಲ್ಲೇ. ಮಾಸ್ಕೊದಲ್ಲಿ ಯಾರ ಮಾತು ನಡೆಯುತ್ತಿದೆ ಎಂದು ಊಹಿಸುವುದು ಆಗ ಹರಟೆಯ ವಿಷಯವಾಗಿರಲಿಲ್ಲ. ಪೆರೇಡಿನ ದಿನ ಲೆನಿನ್ ಸಮಾಧಿಯ ಮೇಲೆ ಯಾವ ನಾಯಕನ ಪಕ್ಕ ಯಾರು ನಿಂತರು, ರೇಡಿಯೊ ಕಾರ್ಯಕ್ರಮ ಬದಲಿಸಿ ಶೋಕಸಂಗೀತ ಹಾಕಿತೇ ಎಂದು ನೋಡುತ್ತಲೇ ಕೆಲವರು ಬದುಕು ಸವೆಸಿದರು. ತಪ್ಪಿದರೆ ಅವರ ಕೆಲಸಕ್ಕೆ, ಹೆಸರಿಗೆ ಕುತ್ತು ಬರುತ್ತಿತ್ತು. ಇಂದು ಊಹೆ ಹರಡುವವನಿಗೆ ಅಂಥ ಭಯವಿಲ್ಲ. ಷಿ ಮತ್ತೆ ಕಾಣಿಸಿಕೊಂಡ ಮರುದಿನ ಅವನು ಇನ್ನೊಬ್ಬ ನಾಯಕನ ಸಾವಿನ ಸುದ್ದಿ ಹಿಡಿದು ಹಾಜರಾಗುತ್ತಾನೆ.

ಎಲ್ಲರೂ ಹಾಗೆ ಪಾರಾಗುತ್ತಾರೆ ಎಂದೇನಿಲ್ಲ. 2020ರ ಏಪ್ರಿಲ್ 15ರಂದು ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ತಮ್ಮ ತಾತನ ಜನ್ಮದಿನದ ಗೌರವಕ್ಕೆ ಬರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಸಾವು–ಬದುಕಿನ ನಡುವೆ ಇದ್ದಾರೆ ಎಂಬ ಸುದ್ದಿ ಅಮೆರಿಕದ ದೊಡ್ಡ ಚಾನೆಲ್‌ನಲ್ಲೂ ಬಂತು, ಸೋಲ್‌ನ ಷೇರುಪೇಟೆ ಇಳಿಯಿತು. ಅಸಹಜವಾದದ್ದೇನೂ ಕಾಣುತ್ತಿಲ್ಲ ಎಂದು ದಕ್ಷಿಣ ಕೊರಿಯಾ ಸರ್ಕಾರ ಹೇಳುತ್ತಲೇ ಇತ್ತು. ಅದರಲ್ಲಿ ರುಚಿ ಇರಲಿಲ್ಲವಲ್ಲ, ಕೇಳುವವರು ಕಡಿಮೆ. ಉತ್ತರದಿಂದ ತಪ್ಪಿಸಿಕೊಂಡು ಬಂದು ಆಗಷ್ಟೇ ದಕ್ಷಿಣದ ಸಂಸತ್ತಿಗೆ ಗೆದ್ದಿದ್ದ ಇಬ್ಬರಲ್ಲಿ ಒಬ್ಬರು ಕಿಮ್‌ಗೆ ಎದ್ದು ನಿಲ್ಲಲೂ ಆಗುತ್ತಿಲ್ಲ ಎಂದರು, ಇನ್ನೊಬ್ಬರು ಸತ್ತಿರುವುದು ಶೇ 99ರಷ್ಟು ಖಚಿತ ಎಂದರು. ಕಿಮ್ ಮೇ 1ರಂದು ಸುಂಚನ್‌ನ ಗೊಬ್ಬರ ಕಾರ್ಖಾನೆಯಲ್ಲಿ ರಿಬ್ಬನ್ ಕತ್ತರಿಸಿದರು. ಆ ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಈ ಗದ್ದಲದ ನಡುವೆ ನನಗೆ ಮೆಚ್ಚುಗೆಯಾದವರು ಉಪಗ್ರಹ ಚಿತ್ರ ನೋಡಿ ಕಿಮ್ ಕುಟುಂಬದ್ದೆನ್ನಲಾದ ರೈಲು ಕರಾವಳಿ ಪಟ್ಟಣ ವೊನ್ಸಾನ್‌ನಲ್ಲಿ ನಿಂತಿದೆ ಎಂದಷ್ಟೇ ಹೇಳಿ ಸುಮ್ಮನಾದ ವಿಶ್ಲೇಷಕರು. ರೈಲಿನ ಒಡೆಯನ ಆರೋಗ್ಯ ಹೇಗಿದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ ಎಂಬುದನ್ನು ಅವರು ಮರೆಯಲಿಲ್ಲ.

ಈಗ ಚಿನ್ ಗಾಂಗ್. ನಿಮ್ಮ ವಾದದ ಗಟ್ಟಿ ಭಾಗ ಇದೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. 2023ರ ಜೂನ್ 25ರಂದು ಅವರು ಬೀಜಿಂಗ್‌ನಲ್ಲಿ ಶ್ರೀಲಂಕಾ ಮತ್ತು ವಿಯೆಟ್ನಾಂನ ವಿದೇಶಾಂಗ ಸಚಿವರನ್ನು, ರಷ್ಯಾದ ಉಪಸಚಿವರನ್ನು ಭೇಟಿಯಾದರು. ಆಮೇಲೆ ಪತ್ತೆಯಿಲ್ಲ. ಜುಲೈನಲ್ಲಿ ಜಕಾರ್ತದಲ್ಲಿ ನಡೆದ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನ ಸಭೆಗಳಿಗೆ ಆರೋಗ್ಯದ ಕಾರಣದಿಂದ ಅವರು ಹೋಗುವುದಿಲ್ಲ ಎಂದು ಸಚಿವಾಲಯದ ವಕ್ತಾರರು ಹೇಳಿದರು. ವಕ್ತಾರರ ಮಾತುಗಳ ಅಧಿಕೃತ ಪ್ರತಿ ಪ್ರಕಟವಾದಾಗ ಆ ಸಾಲನ್ನೇ ಕೈಬಿಟ್ಟಿದ್ದರು. ಯುರೋಪಿಯನ್ ಒಕ್ಕೂಟದ ವಿದೇಶಾಂಗ ನೀತಿಯ ಅಂದಿನ ಮುಖ್ಯಸ್ಥ ಜೊಸೆಪ್ ಬೊರೆಲ್ ಅವರ ಬೀಜಿಂಗ್ ಭೇಟಿ ಮುಂದಕ್ಕೆ ಹೋಯಿತು. ಜುಲೈ 25ರಂದು ಚಿನ್ ಅವರನ್ನು ತೆಗೆದು ವಾಂಗ್ ಯಿ ಅವರನ್ನು ಮತ್ತೆ ಆ ಕುರ್ಚಿಗೆ ತಂದರು.

ಇಲ್ಲಿ ನಿಜವಾದದ್ದು ಯಾವುದು ಹೇಳಿ. ಆ ಒಂದು ತಿಂಗಳಲ್ಲಿ ಓಡಾಡಿದ್ದು ಒಂದೇ ಕಥೆಯಲ್ಲ. ಪ್ರೇಮಪ್ರಕರಣ ಎಂದರು, ಬೇಹುಗಾರಿಕೆ ಎಂದರು, ಪಕ್ಷದೊಳಗಿನ ಜಗಳ ಎಂದರು, ಗಂಭೀರ ಕಾಯಿಲೆ ಎಂದರು. ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಯಾಕೆ ತೆಗೆದೆವು ಎಂದು ಬೀಜಿಂಗ್ ಅಂದು ಹೇಳಲೇ ಇಲ್ಲ. ಎಲ್ಲ ಕಥೆಗಳನ್ನೂ ನಂಬಿದವರು ಅವರು ಹುದ್ದೆ ಕಳೆದುಕೊಂಡ ದಿನ ‘ನಾವು ಹೇಳಿರಲಿಲ್ಲವೇ’ ಎಂದು ಬೀಗಿದರು. ಸಭೆಗೆ ಹೋಗಲಿಲ್ಲ, ಪ್ರತಿಯಲ್ಲಿ ಸಾಲು ಇಲ್ಲ, ಭೇಟಿ ಮುಂದಕ್ಕೆ ಹೋಯಿತು: ಈ ಮೂರು ಮಾತ್ರ ಯಾರು ಬೇಕಾದರೂ ತಾಳೆ ನೋಡಬಹುದಾಗಿದ್ದವು. ಇಂಥವನ್ನು ಪತ್ರಿಕೆ ಬರೆಯಬಹುದು, ಬರೆಯಬೇಕು. ಸಚಿವರ ಖಾಸಗಿ ಬದುಕಿನ ಬಗ್ಗೆ ಹೆಸರಿಲ್ಲದ ಖಾತೆ ಹೇಳಿದ್ದನ್ನು ಬರೆಯಲು ನಮ್ಮ ಪುಟ ಬೇಕಿಲ್ಲ.

ಇಷ್ಟು ಹೊತ್ತು ಪರದೇಶದ ಮಾತಾಯಿತು. ಪತ್ರದಲ್ಲಿ ನೀವು ಮುನೀರ್ ವಿಷಯಕ್ಕೆ ಎರಡೇ ಸಾಲು ಕೊಟ್ಟಿದ್ದೀರಿ. ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಅದೇ.

ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ನಂತರ ಮೇ 7ರ ಮುಂಜಾವಿಗೆ ಮುನ್ನ ‘ಆಪರೇಷನ್ ಸಿಂಧೂರ’ ನಡೆಯಿತು. ಮೇ 8ರ ರಾತ್ರಿ ನಮ್ಮ ಹಲವು ಚಾನೆಲ್‌ಗಳು ಕರಾಚಿ ಬಂದರು ಧ್ವಂಸ ಎಂದವು, ಇಸ್ಲಾಮಾಬಾದ್ ನಮ್ಮ ಕೈಗೆ ಬಂತು ಎಂದವು, ಮುನೀರ್ ಬಂಧನ, ಪಾಕಿಸ್ತಾನದಲ್ಲಿ ಕ್ಷಿಪ್ರಕ್ರಾಂತಿ ಎಂದವು. ಸೈರನ್ ಸದ್ದಿನ ಜೊತೆ ಕೇಳಿದರೆ ಯಾರಿಗಾದರೂ ನಂಬಿಕೆ ಬರುತ್ತಿತ್ತು. ಅದರಲ್ಲಿ ಒಂದೂ ನಡೆದಿರಲಿಲ್ಲ. ಮೇ 20ರಂದು ಮುನೀರ್ ಫೀಲ್ಡ್ ಮಾರ್ಷಲ್ ಆದರು. ಪಾಕಿಸ್ತಾನದಲ್ಲಿ ಅಯೂಬ್ ಖಾನ್ ನಂತರ ಆ ಪದವಿ ಪಡೆದ ಮೊದಲಿಗರು. ಜೂನ್ 18ರಂದು ಶ್ವೇತಭವನದಲ್ಲಿ ಟ್ರಂಪ್ ಜೊತೆ ಊಟ ಮಾಡಿದರು.

ಆ ರಾತ್ರಿಗೂ ಈ ಊಟಕ್ಕೂ ನಡುವಿನ ಒಂದು ದಿನವನ್ನು ನೆನಪಿಸಿಕೊಳ್ಳಿ. ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ನಮ್ಮ ಮಹಾನಿರ್ದೇಶಕರಿಗೆ ಫೋನ್ ಮಾಡಿದರು. ಸಂಜೆ 5ರಿಂದ ಗುಂಡಿನ ಸದ್ದು ನಿಲ್ಲಬೇಕೆಂದು ಒಪ್ಪಿಗೆಯಾಯಿತು. ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಮೈಕಿನ ಮುಂದೆ ಬರುವ ಹೊತ್ತಿಗೆ ಟ್ರಂಪ್ ತಮ್ಮ ಖಾತೆಯಲ್ಲಿ ಅದನ್ನು ಸಾರಿಬಿಟ್ಟಿದ್ದರು. ಮಿಸ್ರಿ ಕೆಲವೇ ವಾಕ್ಯಗಳನ್ನು ಓದಿ ಹೋದರು. ಮರುದಿನದೊಳಗೆ ಅವರ ಮೇಲೆ, ಅವರ ಮಗಳ ಮೇಲೆ ಬೈಗುಳದ ಮಳೆ ಸುರಿಯಿತು. ದ್ರೋಹಿ ಎಂದರು. ಮಗಳ ಫೋನ್ ನಂಬರನ್ನೂ ಬೀದಿಗೆ ತಂದರು. ಮಿಸ್ರಿ ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಿಕೊಳ್ಳಬೇಕಾಯಿತು. ಮಾಜಿ ವಿದೇಶಾಂಗ ಕಾರ್ಯದರ್ಶಿ ನಿರುಪಮಾ ರಾವ್, ಐಎಎಸ್ ಅಧಿಕಾರಿಗಳ ಸಂಘ ಮುಂತಾದವರು ಖಂಡಿಸಿದರು. ಕದನ ನಿಲ್ಲಿಸುವ ತೀರ್ಮಾನ ರಾಜಕೀಯ ನಾಯಕತ್ವದ್ದು, ಮಿಸ್ರಿ ಅದನ್ನು ಓದಿ ಹೇಳಿದ ಅಧಿಕಾರಿ. ಆದರೂ ಏಟು ಬಿದ್ದದ್ದು ಅವರಿಗೆ.

ಇದಕ್ಕೂ ವದಂತಿಗೂ ಏನು ಸಂಬಂಧ ಎನ್ನುತ್ತೀರಾ? ಕರಾಚಿ ಬಿತ್ತು, ಶತ್ರು ಸೇನಾಪತಿ ಸೆರೆಯಾದ ಎಂದು ನಂಬಿದವನಿಗೆ ಎರಡು ದಿನ ತುಂಬುವ ಮೊದಲೇ ಕದನ ನಿಂತಿತೆಂದರೆ ಏನನಿಸಬೇಕು? ಗೆದ್ದದ್ದನ್ನು ಯಾರೋ ಬಿಟ್ಟುಕೊಟ್ಟರು ಎಂದೇ. ನಿಜವಾಗಿ ಏನು ನಡೆದಿತ್ತೋ ಅದಕ್ಕೆ ಹೋಲಿಸಿದರೆ ಆ ಒಪ್ಪಂದ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ವಾದಿಸಬಹುದು. ನಡೆಯದ ವಿಜಯಕ್ಕೆ ಹೋಲಿಸಿದರೆ ಯಾವ ಒಪ್ಪಂದವೂ ದ್ರೋಹವಾಗಿಯೇ ಕಾಣುತ್ತದೆ. ರಾಜತಾಂತ್ರಿಕರ ಕಸುಬು ಮುಕ್ಕಾಲು ಪಾಲು ಎರಡೂ ಕಡೆಯವರು ಗೆದ್ದೆವೆಂದು ಮನೆಗೆ ಹೋಗುವಷ್ಟು ಜಾಗ ಉಳಿಸುವುದು. ಸುಳ್ಳು ಗೆಲುವಿನ ಸಂಭ್ರಮ ಮೊದಲು ನುಂಗುವುದೇ ಆ ಜಾಗವನ್ನು. ಇನ್ನೂ ಒಂದು ಮಾತು: ಮುನೀರ್ ಜೈಲಿನಲ್ಲಿದ್ದರೆ ನಮ್ಮವರು ಮಾತಾಡಬೇಕಿದ್ದದ್ದು ಯಾರ ಜೊತೆ?

ಜನಾಭಿಪ್ರಾಯಕ್ಕೆ ಸರ್ಕಾರ ಕಿವಿಗೊಡಬೇಕು ಎಂಬ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಕದನ ನಿಲ್ಲಿಸಿದ್ದು ತಪ್ಪೆಂದು ಹೇಳುವ ಹಕ್ಕು ನಿಮಗಿದೆ. ಟ್ರಂಪ್ ಬಾಯಿಂದ ಮೊದಲು ಕೇಳಬೇಕಾಯಿತಲ್ಲ ಎಂಬ ಸಿಟ್ಟೂ ನ್ಯಾಯವೇ, ನನಗೂ ಅದು ಬಂದಿತ್ತು. ಮೇ 8ರ ರಾತ್ರಿ ಸರ್ಕಾರ ಖಚಿತ ಮಾಹಿತಿಯನ್ನು ಇನ್ನಷ್ಟು ಬೇಗ ಕೊಟ್ಟಿದ್ದರೆ ಟಿ.ವಿ.ಗಳ ಅಬ್ಬರಕ್ಕೆ ಅಷ್ಟು ಎಡೆ ಸಿಗುತ್ತಿರಲಿಲ್ಲ ಎಂದೂ ಸೇರಿಸಿ. ಆದರೆ ಅಭಿಪ್ರಾಯ ಕಟ್ಟಿಕೊಳ್ಳಲು ನಡೆದದ್ದೇನೆಂದು ಗೊತ್ತಿರಬೇಕು. ಅದನ್ನು ತಲುಪಿಸುವ ಕೂಲಿ ನಮ್ಮದು. ಹುರಿಗೊಳಿಸುವ ಕೆಲಸಕ್ಕೆ ಬೇಕಾದಷ್ಟು ಜನರಿದ್ದಾರೆ.

ಕೊನೆಯದಾಗಿ, ರೇಡಿಯೊ ಕಾಲವೇ ಚೆನ್ನಾಗಿತ್ತು, ದೆಹಲಿಯಲ್ಲಿ ಹೇಳಿದರೆಂದರೆ ಅದೇ ಸತ್ಯ ಎಂದು ಬರೆದಿದ್ದೀರಿ. ಅದೇ ಪುಟದಲ್ಲಿ, 1979ರ ಮಾರ್ಚ್‌ನಲ್ಲಿ ಜಯಪ್ರಕಾಶ ನಾರಾಯಣ್ ತೀರಿಕೊಂಡರೆಂದು ನೀವು ಮೇಷ್ಟ್ರಾಗಿದ್ದ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನ ಆಚರಿಸಿ ಮನೆಗೆ ಕಳಿಸಿದ್ದನ್ನೂ ನೆನಪಿಸಿಕೊಂಡಿದ್ದೀರಿ. ಮೇಷ್ಟ್ರೇ, ಆ ದಿನ ಜೆ.ಪಿ. ಮುಂಬೈನ ಜಸ್ಲೋಕ್ ಆಸ್ಪತ್ರೆಯಲ್ಲಿ ಬದುಕಿದ್ದರು! ಸಾವಿನ ಸುದ್ದಿಯನ್ನು ಲೋಕಸಭೆಯಲ್ಲಿ ಹೇಳಿದ್ದು ಸ್ವತಃ ಪ್ರಧಾನಿ ಮೊರಾರ್ಜಿ ದೇಸಾಯಿ. ಆಗ ಸ್ಪೀಕರ್ ಆಗಿದ್ದವರು ನಮ್ಮ ಕೆ.ಎಸ್. ಹೆಗ್ಡೆ. ಸದನವನ್ನು ಮುಂದೂಡಿದರು, ಆಕಾಶವಾಣಿ ಕಾರ್ಯಕ್ರಮ ನಿಲ್ಲಿಸಿತು, ಅಂಗಡಿಗಳು ಬಾಗಿಲು ಹಾಕಿದವು. ಜೆ.ಪಿ. ನಿಧನರಾದದ್ದು ಅಕ್ಟೋಬರ್ 8ರಂದು. ಆಗ ಇಂಟರ್‌ನೆಟ್ ಇರಲಿಲ್ಲ, ಸುದ್ದಿಯ ಮೂಲ ದೇಶದ ಅತಿ ದೊಡ್ಡ ಕುರ್ಚಿಯಾಗಿತ್ತು.

ಷಿ ನಂತರ ಯಾರು ಎಂಬ ನಿಮ್ಮ ಲೇಖನವನ್ನು ಪ್ರಕಟಿಸಲಾರೆವು. ಅದರ ಬದಲು ಆ ಮಾರ್ಚ್ ದಿನವನ್ನು ವಿಸ್ತಾರವಾಗಿ ಬರೆದು ಕಳಿಸಿ. ಶಾಲೆಗೆ ಸುದ್ದಿ ತಂದವರು ಯಾರು, ಯಾರಾದರೂ ಅನುಮಾನಪಟ್ಟರೇ, ಮರುದಿನ ತರಗತಿಯಲ್ಲಿ ಮಕ್ಕಳಿಗೆ ಏನು ಹೇಳಿದಿರಿ, ಇಷ್ಟೂ ಇರಲಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿದ್ದೇನೆ.

– ಸಂಪಾದಕ