ಎರಡು ಟನ್ನಿನ ಕ್ಯಾರವಾನ್ ಟ್ರೇಲರ್ ಎಳೆಯುವ ಮುನ್ನ ಮೂಕಿಯ ಭಾರವನ್ನು ತೂಗಿಸಿ

ಟ್ರೇಲರನ್ನು ಕೊಂಡಿಗೆ ಹಾಕಿದೊಡನೆ ಪಿಕಪ್‌ನ ಹಿಂಭಾಗ ಕುಸಿಯುತ್ತಿದೆ, ಸ್ಪ್ರಿಂಗ್ ಪ್ಲೇಟು ಸೇರಿಸಲೇ ಅಥವಾ ಹೆಚ್ಚು ಶಕ್ತಿಯ ಎಂಜಿನ್ ಇರುವ ಬೇರೆ ಪಿಕಪ್ ಕೊಳ್ಳಲೇ ಎಂದು ಕೇಳಿದ್ದೀರಿ. ಬೆಂಗಳೂರಿನಿಂದ ಸಕಲೇಶಪುರದ ಮೇಲೆ ಮಂಗಳೂರಿಗೆ ಹೋಗುವ ನಿಮ್ಮ ಯೋಜನೆಯೂ ಸೇರಿದಂತೆ ಇದೆಲ್ಲ ನನ್ನ ಹಳೆಯ ಕಥೆಯೇ. ನಾನು ಸ್ಪ್ರಿಂಗನ್ನೂ ಬದಲಿಸಲಿಲ್ಲ, ಪಿಕಪ್ಪನ್ನೂ ಬದಲಿಸಲಿಲ್ಲ. ಟ್ರೇಲರ್ ಒಳಗಿನ ಭಾರದ ಜಾಗವನ್ನು ಬದಲಿಸಿದೆ. ಅದರಿಂದಲೇ ಟ್ರೇಲರನ್ನು ಕಳೆದುಕೊಂಡೆ.

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮಾಡಿಸಿದ ಆ ಕ್ಯಾರವಾನ್ ಸಾಮಾನು ತುಂಬಿದಾಗ ಸುಮಾರು 2,000 ಕಿಲೋ ತೂಗುತ್ತಿತ್ತು. 200 ಲೀಟರಿನ ನೀರಿನ ಟ್ಯಾಂಕು ಚಕ್ರಗಳ ಆಕ್ಸಲ್‌ಗಿಂತ ಒಂದು ಮೀಟರ್ ಮುಂದೆ ಇತ್ತು. ಪಿಕಪ್‌ನ ಹಿಂಭಾಗ ಕುಳಿತು, ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತಿದ್ದುದನ್ನು ಕಂಡು, ಟ್ಯಾಂಕನ್ನು ಬಾಲದ ಕಡೆಗೆ, ಆಕ್ಸಲ್‌ನಿಂದ ಎರಡು ಮೀಟರ್ ಹಿಂದಕ್ಕೆ ಹಾಕಿಸಿದೆ. ಪಿಕಪ್ ಮಟ್ಟವಾಗಿ ನಿಂತಿತು. ಸಮಸ್ಯೆ ಮುಗಿಯಿತೆಂದು ಮನೆಯವರೆಲ್ಲ ಸಂತೋಷಪಟ್ಟೆವು.

ಆಗ ಮಾಡಬೇಕಿದ್ದ ಲೆಕ್ಕವನ್ನು ಅಪಘಾತದ ನಂತರ ಮಾಡಿದೆ. ಕೊಂಡಿಯಿಂದ ಆಕ್ಸಲ್‌ಗೆ ನಾಲ್ಕು ಮೀಟರ್ ಅಂತರವಿತ್ತು. ಆಕ್ಸಲ್‌ಗೆ ಒಂದು ಮೀಟರ್ ಮುಂದಿರುವ 200 ಕಿಲೋ ನೀರು ಕೊಂಡಿಯ ಮೇಲೆ 50 ಕಿಲೋ ಭಾರ ಹೇರುತ್ತದೆ. ಅದೇ ನೀರು ಎರಡು ಮೀಟರ್ ಹಿಂದಿದ್ದರೆ ಕೊಂಡಿಯನ್ನು 100 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತದೆ. ಅಂದರೆ ಒಟ್ಟು 150 ಕಿಲೋ ವ್ಯತ್ಯಾಸ. ಕೊಂಡಿಯ ಮೇಲೆ ಮೊದಲು 230 ಕಿಲೋದಷ್ಟಿದ್ದ ಭಾರ, ಅಂದರೆ ಮೂಕಿಯ ಭಾರ, 80ಕ್ಕೆ ಇಳಿದಿತ್ತು. ಇಂಥ ಟ್ರೇಲರ್‌ನ ಕೊಂಡಿಯ ಮೇಲೆ ಅದರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಇರಬೇಕು. ನನ್ನದರಲ್ಲಿ ಉಳಿದದ್ದು ಶೇಕಡಾ 4 ಮಾತ್ರ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಹೆಗಲಿನಲ್ಲಿ ನೊಗ ನಿಲ್ಲುವುದಿಲ್ಲ. ಗಾಡಿಯಲ್ಲಿ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ; ಟ್ರೇಲರ್‌ನ ಕೊಂಡಿ ಬೀಗ ಹಾಕಿಕೊಂಡಿರುವುದರಿಂದ ವೇಗ ಏರುವವರೆಗೂ ಕಾಣುವುದಿಲ್ಲ.

ಹಾಸನದ ಹೆದ್ದಾರಿಯಲ್ಲಿ ಕುಣಿಗಲ್ ದಾಟಿ ಯಡಿಯೂರಿನ ಕಡೆಗೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಣ್ಣದೊಂದು ಇಳಿಜಾರನ್ನು ಇಳಿಯುತ್ತಿದ್ದಾಗ ದೊಡ್ಡ ಬಸ್ಸೊಂದು ನಮ್ಮನ್ನು ಹಿಂದಿಕ್ಕಿತು. ಅದು ತಳ್ಳಿದ ಗಾಳಿಗೆ ಟ್ರೇಲರ್‌ನ ಬಾಲ ಎಡಕ್ಕೆ ಸರಿಯಿತು, ಮರಳಿ ಬಂದದ್ದು ನಡುವೆ ನಿಲ್ಲದೆ ಬಲಕ್ಕೆ ಹೋಯಿತು, ಅಲ್ಲಿಂದ ಇನ್ನಷ್ಟು ಜೋರಾಗಿ ಎಡಕ್ಕೆ ಬಂತು. ಪ್ರತಿ ತೂಗಾಟದಲ್ಲೂ ಪಿಕಪ್‌ನ ಹಿಂಚಕ್ರಗಳು ಪಕ್ಕಕ್ಕೆ ಎಳೆಯಲ್ಪಡುತ್ತಿದ್ದವು. ನಾನು ಸ್ಟಿಯರಿಂಗ್ ತಿರುಗಿಸಿದಷ್ಟೂ ಆ ತಿರುವು ಒಂದು ಕ್ಷಣ ತಡವಾಗಿ ತಲುಪಿ ತೂಗಾಟವನ್ನೇ ಹೆಚ್ಚಿಸುತ್ತಿತ್ತು. ಕೊನೆಗೆ ಟ್ರೇಲರ್ ರಸ್ತೆಯ ಅಂಚಿಗೆ ಮಗುಚಿತು, ಪಿಕಪ್ ಅಡ್ಡ ತಿರುಗಿ ನಿಂತಿತು. ಹೆಂಡತಿ, ಮಕ್ಕಳು ಪಿಕಪ್‌ನಲ್ಲಿದ್ದುದರಿಂದ ಬದುಕಿದೆವು. ಎಷ್ಟೇ ಸುಖವಾದ ಹಾಸಿಗೆಯಿದ್ದರೂ ಚಲಿಸುವ ಟ್ರೇಲರ್ ಒಳಗೆ ಯಾರನ್ನೂ ಕೂರಿಸಬೇಡಿ.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ಯಾವುದನ್ನೂ ನಾನು ಒಪ್ಪುವುದಿಲ್ಲ. ಎಂಜಿನ್‌ನ ಶಕ್ತಿ ಏರು ಹತ್ತಲು ನೆರವಾಗುತ್ತದೆ. ಟ್ರೇಲರನ್ನು ನೇರವಾಗಿ ಇಡುವ, ನಿಲ್ಲಿಸುವ ಕೆಲಸ ಅದರದಲ್ಲ. ಸ್ಪ್ರಿಂಗ್ ಪ್ಲೇಟು ಸೇರಿಸಿದರೆ ಹಿಂಭಾಗ ಎತ್ತರವಾಗಿ ಕಾಣುತ್ತದೆ, ಆದರೆ ಕೊಂಡಿಯ ಭಾರ ಹಿಂದಿನ ಆಕ್ಸಲ್‌ಗಿಂತ ಹಿಂದೆ ಬೀಳುವುದರಿಂದ ಮುಂಚಕ್ರಗಳು ಕಳೆದುಕೊಂಡ ಭಾರ ಮರಳುವುದಿಲ್ಲ, ತಯಾರಕರು ಆಕ್ಸಲ್‌ಗೂ ಕೊಂಡಿಗೂ ಹಾಕಿದ ಮಿತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಕೊಂಡಿಯ ಮೇಲೆ ಬೀಳುವ 230 ಕಿಲೋ ಪಿಕಪ್ ಹೊರಬಲ್ಲ ಭಾರದ ಲೆಕ್ಕಕ್ಕೇ ಸೇರುತ್ತದೆ. ಜನ, ಸಾಮಾನು, ಕೊಂಡಿಯ ಭಾರ ಮೂರನ್ನೂ ಕೂಡಿಸಿದಾಗ ಮಿತಿ ಮೀರಿದರೆ ಪಿಕಪ್‌ನ ಹಾಸಿನಲ್ಲಿರುವ ಸಾಮಾನನ್ನು ಇಳಿಸಿ, ಟ್ಯಾಂಕನ್ನು ಖಾಲಿ ಮಾಡಿಕೊಂಡು ಹೋಗಿ. ನೀರು ಸಕಲೇಶಪುರದಲ್ಲೂ ಸಿಗುತ್ತದೆ.

ತೂಗಿಸುವುದು ಕಷ್ಟವಲ್ಲ. ಲಾರಿಗಳನ್ನು ತೂಗುವ ಯಾವುದಾದರೂ ವೇಬ್ರಿಡ್ಜ್‌ಗೆ ಹೋಗಿ, ಪ್ರಯಾಣಕ್ಕೆ ಸಿದ್ಧವಾದ ಟ್ರೇಲರನ್ನು ಕಳಚಿ ಇಡಿಯಾಗಿ ಒಮ್ಮೆ ತೂಗಿಸಿ; ನಂತರ ಪಿಕಪ್‌ಗೆ ಜೋಡಿಸಿ, ಟ್ರೇಲರ್‌ನ ಚಕ್ರಗಳು ಮಾತ್ರ ತಕ್ಕಡಿಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಮೊದಲ ತೂಕದಲ್ಲಿ ಎರಡನೆಯದನ್ನು ಕಳೆದರೆ ಮೂಕಿಯ ಭಾರ ಸಿಗುತ್ತದೆ. ನಿಮ್ಮ ಟ್ರೇಲರ್‌ಗೆ ಅದು 200ರಿಂದ 300 ಕಿಲೋ ನಡುವೆ ಇರಲಿ.

ಇನ್ನು ಬ್ರೇಕಿನ ಮಾತು. ಆಸ್ಟ್ರೇಲಿಯಾದಲ್ಲಿ 750 ಕಿಲೋ ಮೀರಿದ ಟ್ರೇಲರ್‌ಗೆ ಅದರದೇ ಬ್ರೇಕು ಕಡ್ಡಾಯ. 2,000 ಕಿಲೋ ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕು ಬೇಕು, ಕೊಂಡಿ ಕಳಚಿದಾಗ ಅದು ತಾನಾಗಿ ಹಿಡಿಯಬೇಕು. ನಿಮ್ಮ ಟ್ರೇಲರ್ ಆ ಗಡಿಯಲ್ಲೇ ಇದೆ, ಆದ್ದರಿಂದ ಚಾಲಕನ ಕೈಗೆ ಸಿಗುವ ನಿಯಂತ್ರಕದೊಡನೆ ವಿದ್ಯುತ್ ಬ್ರೇಕು ಹಾಕಿಸಿ. ತೂಗಾಟ ಶುರುವಾದರೆ ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೇಲರ್‌ನ ಬ್ರೇಕನ್ನು ಮಾತ್ರ ಒತ್ತಬೇಕು. ಅದಕ್ಕೆ ಆ ನಿಯಂತ್ರಕವೇ ಬೇಕು. ವೇಗ 60 ದಾಟದಿರಲಿ: 60ರಿಂದ 80ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ. ಸುರಕ್ಷತಾ ಸರಪಳಿಗಳು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯ್ದಿರಬೇಕು. ಟ್ರೇಲರ್‌ನ ಪ್ರತ್ಯೇಕ ನೋಂದಣಿ ಮತ್ತು ವಿಮೆಯನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಶಿರಾಡಿ ಘಾಟಿಯನ್ನು ಕೆಳ ಗೇರಿನಲ್ಲಿ, ಎಂಜಿನ್‌ನ ತಡೆಯಿಂದಲೇ ನಿಧಾನವಾಗಿ ಇಳಿಯಬೇಕು. ಉದ್ದಕ್ಕೂ ಬ್ರೇಕು ಒತ್ತಿಯೇ ಇಳಿದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ಹೊರಡುವ ಹೊತ್ತಿಗೆ ಟ್ರೇಲರ್‌ನ ಬ್ರೇಕು ಸಿದ್ಧವಾಗದಿದ್ದರೆ ಆ ಎರಡು ಟನ್ನನ್ನು ಬೆಂಗಳೂರಿನಲ್ಲೇ ಬಿಟ್ಟು, ಪಿಕಪ್ ಒಂದನ್ನೇ ತೆಗೆದುಕೊಂಡು ಮಂಗಳೂರಿಗೆ ಹೋಗಿ ಬನ್ನಿ.